ಹಳಿ ಕಿತ್ತ ರೈಲು ದಾರಿಯಲ್ಲಿ ಸೈಕಲ್: ಐವತ್ತು ದಾಟಿದವರಿಗೆ ಆಗುತ್ತದೆಯೇ?

ಪ್ರಶ್ನೆ: ಜನವರಿಯಲ್ಲಿ ಮಗಳ ಮನೆಗೆ ನ್ಯೂಜಿಲೆಂಡಿಗೆ ಹೊರಟಿದ್ದೇವೆ. ಒಟಾಗೊದ ಹಳೇ ರೈಲು ದಾರಿಯಲ್ಲಿ ಐದು ದಿನ ಸೈಕಲ್ ತುಳಿಯೋಣ ಅಂತಾಳೆ. ನಮಗೆ ಐವತ್ತೈದು ದಾಟಿದೆ. ಏರು ಹತ್ತಲು ಆದೀತೆ? (ಓದುಗರು, ಕಲಬುರಗಿ)

ಆದೀತು. ಏರಿನ ಭಯ ಬಿಡಿ. ಕಾಡುವುದು ಸೀಟು ಮತ್ತು ಗಾಳಿ.

ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿಗೆ ಹಿಡಿತ ಕಡಿಮೆ. ಅದಕ್ಕೇ ರೈಲು ಕಡಿದಾದ ಏರು ಹತ್ತದು. ಕಲಬುರಗಿ–ಬೀದರ್ ಮಾರ್ಗಕ್ಕೆ ಮರಗುತ್ತಿ ಹತ್ತಿರ ಗುಡ್ಡ ಕೊರೆದು ಸುರಂಗ ಮಾಡಿದ್ದೂ ಇದೇ ಕಾರಣಕ್ಕೆ. ಮಿಡಲ್‌ಮಾರ್ಚ್‌ನಿಂದ ಕ್ಲೈಡ್‌ವರೆಗಿನ 152 ಕಿ.ಮೀ. ಒಟಾಗೊ ದಾರಿಯಲ್ಲಿ 1990ರಲ್ಲಿ ರೈಲು ನಿಂತಿತು, 2000ದಲ್ಲಿ ಅದು ಸೈಕಲ್ಲಿಗೆ, ನಡಿಗೆಗೆ ಪೂರ್ತಿ ತೆರೆಯಿತು. ಅಲ್ಲಿನ ಅತಿ ಕಡಿದಾದ ಏರು 50 ಮೀಟರಿಗೆ 1 ಮೀಟರ್. ನಮ್ಮ ಊರುಗಳ ರೈಲ್ವೆ ಮೇಲ್ಸೇತುವೆಗಳ ಏರು ಸಾಮಾನ್ಯವಾಗಿ ಇದಕ್ಕಿಂತ ಕಡಿದು.

ಆದರೆ ಈ ಏರು ಕಣ್ಣಿಗೆ ಕಾಣುವುದಿಲ್ಲ. ದಾರಿ ಸಪಾಟಾಗಿಯೇ ಇದೆ ಅನಿಸುತ್ತದೆ, ಕಾಲು ಭಾರವಾಗುತ್ತದೆ, ನಮ್ಮಲ್ಲೇ ಶಕ್ತಿ ಇಲ್ಲವೇನೋ ಅಂತ ಎದೆಗುಂದುತ್ತೇವೆ. ಗೇರ್ ಒಂದು ಇಳಿಸಿ, ಅಷ್ಟೇ.

ಸೀಟಿನ ತೊಂದರೆಯ ಮೂಲವೂ ಇದೇ. ಗುಡ್ಡದ ರಸ್ತೆಯಲ್ಲಿ ಏರಿಗೆ ಎದ್ದು ತುಳಿಯುತ್ತೇವೆ, ಇಳಿಜಾರಿನಲ್ಲಿ ಕಾಲು ಬಿಡುತ್ತೇವೆ. ಇಲ್ಲಿ ಎರಡಕ್ಕೂ ಅವಕಾಶ ಕಡಿಮೆ. ಗಂಟೆಗಟ್ಟಲೆ ಒಂದೇ ಭಂಗಿ. ಎರಡನೇ ದಿನ ಬೆಳಿಗ್ಗೆ ಕೂರಲಾಗದೆ ಒದ್ದಾಡುವವರು ಬಹಳ. ಪೆಡಲ್ ಕೆಳಗಿರುವಾಗ ಹಿಮ್ಮಡಿ ಇಟ್ಟರೆ ಕಾಲು ನೇರವಾಗಬೇಕು, ಸೀಟಿನ ಎತ್ತರ ಅಷ್ಟಿರಲಿ. ಮೂತಿ ಮೇಲೆದ್ದಿದ್ದರೆ ಜೋಮು ಹಿಡಿಯುತ್ತದೆ, ಮಟ್ಟಸ ಮಾಡಿ. ಮೆತ್ತೆ ಇರುವ ಸೈಕಲ್ ಚಡ್ಡಿಯ ಒಳಗೆ ಬೇರೆ ಒಳಉಡುಪು ಬೇಡ, ಅದರ ಹೊಲಿಗೆಯೇ ಚರ್ಮ ಉಜ್ಜುವುದು. ಹದಿನೈದು ನಿಮಿಷಕ್ಕೊಮ್ಮೆ ಅರೆಕ್ಷಣ ಎದ್ದು ನಿಲ್ಲಿ.

ದಾರಿ ಪೂರಾ ಜಲ್ಲಿಪುಡಿ. 40 ಮಿ.ಮೀ. ಆಸುಪಾಸಿನ ಅಗಲದ ಟೈರು ಕೇಳಿ ಪಡೆಯಿರಿ. ಗಾಳಿ ಕಲ್ಲಿನಂತೆ ತುಂಬಿಸಿದರೆ ಪ್ರತಿ ಹರಳೂ ಅಂಗೈಗೆ ಬಡಿಯುತ್ತದೆ. ಟೈರಿನ ಮೇಲೆ ಬರೆದ ಮಿತಿಯೊಳಗೆ ಸ್ವಲ್ಪ ಕಡಿಮೆ ಇರಲಿ.

ಬಯಲಿನಲ್ಲಿ ಎದುರುಗಾಳಿ ಸಿಕ್ಕರೆ ವೇಗ ಅರ್ಧಕ್ಕೆ ಇಳಿಯಬಹುದು. ದಿನಕ್ಕೆ 30 ಕಿ.ಮೀ. ಸಾಕು, ಬೆಳಿಗ್ಗೆ ಬೇಗ ಹೊರಡಿ. ಲಗೇಜನ್ನು ಮುಂದಿನ ಊರಿಗೆ ಸಾಗಿಸುವವರು ಅಲ್ಲಿದ್ದಾರೆ, ಬ್ಯಾಟರಿ ಸೈಕಲ್ ಬಾಡಿಗೆಗೂ ಸಿಗುತ್ತದೆ. ಪೂಲ್‌ಬರ್ನ್ ಕಣಿವೆಯ ಸುರಂಗಗಳಲ್ಲಿ ದೀಪವಿಲ್ಲ. ಟಾರ್ಚ್ ಹಿಡಿದು, ಇಳಿದು ತಳ್ಳಿಕೊಂಡು ಹೋಗಿ.

ತಾಲೀಮಿಗೆ ನಮ್ಮ ಬಯಲು ಸೀಮೆಗಿಂತ ಒಳ್ಳೆಯ ಜಾಗ ಇಲ್ಲ. ನವೆಂಬರ್–ಡಿಸೆಂಬರಿನಲ್ಲಿ ಬೆಳಿಗ್ಗೆ ಮುರುಮ್ ಹಾಕಿದ ಹಳ್ಳಿ ರಸ್ತೆ ಹಿಡಿದು, ಕಾಲು ಬಿಡದೆ 10 ಕಿ.ಮೀ.ಯಿಂದ ಶುರುಮಾಡಿ 25ಕ್ಕೆ ಬನ್ನಿ. ಮಳೆ ಬಿದ್ದ ದಿನ ಎರಿ ಹೊಲದ ದಾರಿ ಬೇಡ; ಮಣ್ಣು ಬ್ರೇಕಿಗೆ ಮೆತ್ತಿ ಗಾಲಿ ನಿಂತುಬಿಡುತ್ತದೆ. ಓಡುವ ರೈಲಿನ ಹಳಿ ಪಕ್ಕ ಮಾತ್ರ ತುಳಿಯಲೇಬೇಡಿ: ಜೀವಕ್ಕೆ ಅಪಾಯ, 1989ರ ರೈಲ್ವೆ ಕಾಯ್ದೆಯ 147ನೇ ಕಲಮಿನಡಿ ಅಪರಾಧವೂ ಹೌದು.