ಸ್ನೈಪಿಂಗ್ ಮತ್ತು ಕಾಪಿ ಟ್ರೇಡಿಂಗ್: ಮೊದಲು ಕೊಂಡವರು, ಹಿಂದೆ ಬಂದವರು

ಕ್ರಿಪ್ಟೋ ವಹಿವಾಟಿನ ಟೆಲಿಗ್ರಾಂ ಗುಂಪುಗಳಲ್ಲಿ ಎರಡು ಮಾತು ಪದೇ ಪದೇ ಕಾಣಿಸುತ್ತವೆ. 'ಲಾಂಚ್ ಸ್ನೈಪ್ ಮಾಡಿದೆ' ಎನ್ನುವುದು ಒಂದು. 'ಆ ವಾಲೆಟ್ ಕಾಪಿ ಮಾಡ್ತಿದ್ದೀನಿ' ಎನ್ನುವುದು ಇನ್ನೊಂದು; ವಾಲೆಟ್ ಎಂದರೆ ಒಬ್ಬರ ಕ್ರಿಪ್ಟೋ ಖಾತೆ. ಎರಡನ್ನೂ ಬೇರೆ ಬೇರೆ ವಿದ್ಯೆ ಎಂಬಂತೆ ಹೇಳಿಕೊಡುತ್ತಾರೆ, ಬೇರೆ ಬೇರೆ ಬಾಟ್‌ಗಳನ್ನೂ (ತಾವಾಗಿಯೇ ವಹಿವಾಟು ನಡೆಸುವ ತಂತ್ರಾಂಶಗಳು) ಮಾರುತ್ತಾರೆ. ಆದರೆ ಲೆಕ್ಕ ಹಾಕಿ ನೋಡಿದರೆ ಇಬ್ಬರೂ ನಿಂತಿರುವುದು ಒಂದೇ ಸಾಲಿನಲ್ಲಿ. ಒಬ್ಬ ಮುಂದೆ ನಿಲ್ಲಲು ದುಡ್ಡು ಸುರಿಯುತ್ತಾನೆ, ಮತ್ತೊಬ್ಬ ತಿಳಿದೇ ಹಿಂದೆ ನಿಲ್ಲುತ್ತಾನೆ.

ಹೊಸ ಟೋಕನ್ (ಕ್ರಿಪ್ಟೋ ನಾಣ್ಯ) ಒಂದು ಯೂನಿಸ್ವಾಪ್‌ನಂಥ ವಿಕೇಂದ್ರೀಕೃತ ವಿನಿಮಯ ಕೇಂದ್ರಕ್ಕೆ ಬರುವುದು ಹೀಗೆ: ಅದನ್ನು ಸೃಷ್ಟಿಸಿದವರು ಒಂದಷ್ಟು ಟೋಕನ್‌ಗಳನ್ನೂ ಒಂದಷ್ಟು ಈಥರನ್ನೂ (ಈಥೀರಿಯಂ ಬ್ಲಾಕ್‌ಚೈನ್‌ನ ನಾಣ್ಯ) ಜೋಡಿಯಾಗಿ ಒಂದು ಪೂಲ್‌ಗೆ, ಅಂದರೆ ಕೊಳ್ಳುವವರೂ ಮಾರುವವರೂ ಬಳಸುವ ನಿಧಿಗೆ, ಹಾಕುತ್ತಾರೆ. ಅಲ್ಲಿಯವರೆಗೆ ಅದನ್ನು ಅಲ್ಲಿ ಯಾರೂ ಕೊಳ್ಳುವಂತಿಲ್ಲ. ಹಾಕಿದ ಮರುಕ್ಷಣದಿಂದ ಯಾರು ಬೇಕಾದರೂ ಕೊಳ್ಳಬಹುದು. ಆ ಮರುಕ್ಷಣವನ್ನೇ ಹಿಡಿಯುವುದು, ಅಂದರೆ ಲಿಕ್ವಿಡಿಟಿ (ಪೂಲ್‌ಗೆ ಹಾಕಿದ ಆ ಜೋಡಿ) ಬಿದ್ದ ಅದೇ ಬ್ಲಾಕಿನಲ್ಲೋ (ವಹಿವಾಟುಗಳು ದಾಖಲಾಗುವ ಕಂತು) ಅದರ ಮುಂದಿನದರಲ್ಲೋ ಖರೀದಿ ಮುಗಿಸುವುದು, ಸ್ನೈಪಿಂಗ್. ಈಥೀರಿಯಂನಲ್ಲಿ 12 ಸೆಕೆಂಡಿಗೊಂದು ಬ್ಲಾಕ್, ಸೊಲಾನಾ ಎಂಬ ಇನ್ನೊಂದು ಬ್ಲಾಕ್‌ಚೈನ್‌ನಲ್ಲಿ ಸುಮಾರು 400 ಮಿಲಿಸೆಕೆಂಡಿಗೊಂದು. ಕೈಯಲ್ಲಿ ಬಟನ್ ಒತ್ತಿ ಗೆಲ್ಲುವ ಆಟವಲ್ಲ ಇದು. ಗೆಲ್ಲುವುದು ಬಾಟ್.

ಬಾಟ್‌ಗೆ ಸುದ್ದಿ ಮುಟ್ಟುವುದಾದರೂ ಹೇಗೆ? ಈಥೀರಿಯಂನಲ್ಲಿ ಕಳಿಸಿದ ವಹಿವಾಟು ಬ್ಲಾಕ್ ಸೇರುವ ಮೊದಲು ಮೆಂಪೂಲ್ ಎಂಬ ಬಹಿರಂಗ ಸರತಿಯಲ್ಲಿ ಕಾಯುತ್ತದೆ. 'ಲಿಕ್ವಿಡಿಟಿ ಸೇರಿಸು' ಎಂಬ ಆದೇಶ ಅಲ್ಲಿ ಕಂಡ ಕೂಡಲೇ ಬಾಟ್ ತನ್ನ ಖರೀದಿಯನ್ನು ಅದರ ಬೆನ್ನಿಗೇ ಬರುವಂತೆ ಕಳಿಸುತ್ತದೆ. ಹಿಂದೆ ಇದಕ್ಕಾಗಿ ಗ್ಯಾಸ್ ಶುಲ್ಕವನ್ನು (ವಹಿವಾಟು ದಾಖಲಿಸಲು ಕೊಡುವ ಹಣ) ಒಬ್ಬರ ಮೇಲೊಬ್ಬರು ಏರಿಸುತ್ತಾ ಹೋಗುತ್ತಿದ್ದರು; ಈಗ ಬ್ಲಾಕ್ ಕಟ್ಟುವವರಿಗೆ ನೇರವಾಗಿ ಟಿಪ್ ಕೊಟ್ಟು ಜಾಗ ಹಿಡಿಯುವುದು ಹೆಚ್ಚು. ಸೊಲಾನಾದಲ್ಲಿ ಅಂಥ ಬಹಿರಂಗ ಸರತಿ ಇಲ್ಲ. ಅಲ್ಲಿ ವೇಗದ ನೋಡ್ (ಜಾಲಕ್ಕೆ ಸೇರಿದ ಕಂಪ್ಯೂಟರ್) ಮತ್ತು ಜಿಟೋ ಎಂಬ ವ್ಯವಸ್ಥೆಯ ಮೂಲಕ ಕೊಡುವ ಟಿಪ್‌ನದೇ ಮೇಲುಗೈ. 2024ರ ಜನವರಿಯಲ್ಲಿ ಪಂಪ್ ಡಾಟ್ ಫನ್ ಎಂಬ ಟೋಕನ್ ಸೃಷ್ಟಿಸುವ ತಾಣ ಬಂದ ಮೇಲಂತೂ ನಾಲ್ಕೈದು ಕ್ಲಿಕ್ಕಿನಲ್ಲಿ 100 ಕೋಟಿ ಘಟಕಗಳ ಟೋಕನ್ ಹುಟ್ಟಿಸಬಹುದು, ಪೂಲ್‌ಗೆ ಹಣ ಹಾಕುವ ತಾಪತ್ರಯವೂ ಇಲ್ಲ. ಸ್ನೈಪರ್‌ಗಳ ಕೆಲಸ ಅಲ್ಲಿ ಬೇಟೆಗಿಂತ ಕಾರ್ಖಾನೆಗೆ ಹತ್ತಿರ.

ಈ ಓಟದಲ್ಲಿ ಎಲ್ಲರಿಗಿಂತ ಮುಂದಿರಬಲ್ಲವನು ಟೋಕನ್ ಹುಟ್ಟಿಸಿದವನೇ. ಯಾವ ಕ್ಷಣಕ್ಕೆ ಲಾಂಚ್ ಎಂದು ಅವನಿಗೆ ಗೊತ್ತು. ಟೋಕನ್ ಸೃಷ್ಟಿ ಮತ್ತು ಹತ್ತಾರು ವಾಲೆಟ್‌ಗಳಿಂದ ಅದರ ಖರೀದಿ, ಎರಡನ್ನೂ ಒಂದೇ ಕಟ್ಟಿನಲ್ಲಿ ಕಳಿಸಬಹುದು. ಇದಕ್ಕೆ ಬಂಡಲಿಂಗ್ ಎನ್ನುತ್ತಾರೆ. ಹೊರಗಿನಿಂದ ನೋಡಿದವರಿಗೆ ಹತ್ತಾರು ಜನ ಮುಗಿಬಿದ್ದು ಕೊಂಡಂತೆ ಕಾಣುತ್ತದೆ. ಕೊಂಡವನು ಒಬ್ಬನೇ.

ಲಾಭ ಬರುವುದು ಎಲ್ಲಿಂದ ಎಂಬುದಕ್ಕೆ ಒಂದು ಪುಟ್ಟ ಲೆಕ್ಕ. ಪೂಲ್‌ನಲ್ಲಿ 10 ಈಥರ್, 10 ಲಕ್ಷ ಟೋಕನ್ ಇವೆ ಎನ್ನಿ. ಯೂನಿಸ್ವಾಪ್‌ನ ಹಳೆಯ, ಸರಳ ನಿಯಮದಂತೆ ಇವೆರಡರ ಗುಣಲಬ್ಧ ಬದಲಾಗಬಾರದು; ಶುಲ್ಕವನ್ನು ಸದ್ಯಕ್ಕೆ ಬಿಡೋಣ. ಸ್ನೈಪರ್ 1 ಈಥರ್ ಹಾಕಿ ಸುಮಾರು 90,909 ಟೋಕನ್ ಪಡೆಯುತ್ತಾನೆ. ಅವನನ್ನು ನೋಡಿ ಕೊಳ್ಳುವ ಎರಡನೆಯವನಿಗೆ ಅದೇ 1 ಈಥರಿಗೆ ಸಿಗುವುದು 75,758. ಮೂರನೆಯವನಿಗೆ 64,103. ಈಗ ಬಂದ ಕ್ರಮದಲ್ಲೇ ಮೂವರೂ ಮಾರಲಿ. ಸ್ನೈಪರ್‌ಗೆ ವಾಪಸ್ ಬರುವುದು ಸುಮಾರು 1.374 ಈಥರ್, ಎರಡನೆಯವನಿಗೆ 0.941, ಮೂರನೆಯವನಿಗೆ 0.685. ಕೂಡಿಸಿದರೆ ಮೂರೇ ಈಥರ್. ಹೊಸದಾಗಿ ಏನೂ ಹುಟ್ಟಲಿಲ್ಲ. ಮೊದಲನೆಯವನ ಲಾಭವೆಲ್ಲ ಹಿಂದಿನ ಇಬ್ಬರ ಜೇಬಿನದು. ಎರಡನೆಯವನು ಮಾಡಿದ್ದು ಹೆಚ್ಚುಕಮ್ಮಿ ಸ್ನೈಪರ್ ಮಾಡಿದ್ದನ್ನೇ, ಅದೇ ಟೋಕನ್, ಅಷ್ಟೇ ಹಣ. ಆದರೂ ಕಳೆದುಕೊಂಡ. ಹೊಸಬರು ಬರುತ್ತಲೇ ಇದ್ದರೆ ಅವನಿಗೂ ಲಾಭವಾಗಬಹುದು, ನಿಜ. ಆಗ ನಷ್ಟ ಇನ್ನೂ ಹಿಂದಿನವರಿಗೆ ಜಾರುತ್ತದೆ, ಅಷ್ಟೆ.

ಹಾಗೆಂದು ಸ್ನೈಪರ್ ಯಾವಾಗಲೂ ಗೆಲ್ಲುತ್ತಾನೆಂದೇನಿಲ್ಲ. ಟೋಕನ್‌ನ ಒಪ್ಪಂದವನ್ನು, ಅಂದರೆ ಅದನ್ನು ನಡೆಸುವ ಕೋಡನ್ನು, ಓದದೆ ಕೊಳ್ಳುವವನು ಅವನು. ಕೊಳ್ಳಲು ಬಿಟ್ಟು ಮಾರಲು ಬಿಡದ ಒಪ್ಪಂದಗಳಿರುತ್ತವೆ, ಅವಕ್ಕೆ ಹನಿಪಾಟ್ ಎಂದು ಹೆಸರು. 2021ರ ನವೆಂಬರ್ ಆರಂಭದಲ್ಲಿ ಸ್ಕ್ವಿಡ್ ಎಂಬ ಟೋಕನ್ 2,800 ಡಾಲರ್ ದಾಟಿ ನಿಮಿಷಗಳಲ್ಲಿ ಸೊನ್ನೆಗಿಳಿಯಿತು. ಕೊಂಡವರಲ್ಲಿ ಹೆಚ್ಚಿನವರಿಗೆ ಅದನ್ನು ಮಾರಲು ದಾರಿಯೇ ಇರಲಿಲ್ಲ. ಮಾರಾಟದ ಮೇಲೆ ವಿಪರೀತ ತೆರಿಗೆ ವಿಧಿಸುವ ಒಪ್ಪಂದಗಳು, ಮೊದಲ ಕೆಲವು ಬ್ಲಾಕುಗಳಲ್ಲಿ ಕೊಂಡ ವಿಳಾಸಗಳನ್ನು ಕಪ್ಪುಪಟ್ಟಿಗೆ ಸೇರಿಸುವ ಒಪ್ಪಂದಗಳೂ ಇವೆ. ಆದ್ದರಿಂದಲೇ ಒಳ್ಳೆಯ ಬಾಟ್‌ಗಳು ಕೊಳ್ಳುವ ಮೊದಲು ಕೊಂಡು ಮಾರುವ ಅಣಕು ವಹಿವಾಟು ನಡೆಸಿ ನೋಡುತ್ತವೆ. ಅದನ್ನೂ ವಂಚಿಸುವಂತೆ ಒಪ್ಪಂದ ಬರೆಯುವವರಿದ್ದಾರೆ.

ಇನ್ನು ಕಾಪಿ ಟ್ರೇಡಿಂಗ್. ಷೇರು ಮತ್ತು ಕರೆನ್ಸಿ ಪೇಟೆಯಲ್ಲಿ ಇದು ಹಳತು. ಈಟೋರೋ 2010ರ ಹೊತ್ತಿಗೇ ಶುರುಮಾಡಿತ್ತು. ಬಿಟ್‌ಗೆಟ್, ಬೈಬಿಟ್‌ನಂಥ ಕ್ರಿಪ್ಟೋ ಎಕ್ಸ್‌ಚೇಂಜ್‌ಗಳಲ್ಲಿ ಒಬ್ಬ 'ಲೀಡ್ ಟ್ರೇಡರ್'ನನ್ನು ಆರಿಸಿಕೊಂಡರೆ ಅವನ ವಹಿವಾಟು ನಿಮ್ಮ ಖಾತೆಯಲ್ಲೂ ಮರುಕಳಿಸುತ್ತದೆ. ನಿಮಗೆ ಲಾಭವಾದರೆ ಅದರಲ್ಲಿ ಅವನಿಗೊಂದು ಪಾಲು, ನಷ್ಟವಾದರೆ ಅದು ಪೂರ್ತಿ ನಿಮ್ಮದು. ಇಂಥ ಕರಾರಿನಲ್ಲಿ ಅವನು ಎಷ್ಟು ಎಚ್ಚರದಿಂದ ಆಡುತ್ತಾನೆ ಎಂಬುದನ್ನು ಓದುಗರೇ ಊಹಿಸಿಕೊಳ್ಳಬಹುದು. ಆದರೂ ಬಿಟ್‌ಕಾಯಿನ್‌ನಂಥ ದೊಡ್ಡ ಪೇಟೆಯಲ್ಲಿ ಅರ್ಧ ಸೆಕೆಂಡು ತಡವಾದರೆ ಬೆಲೆಯಲ್ಲಿ ದೊಡ್ಡ ವ್ಯತ್ಯಾಸವಾಗದು.

ಹೊಸ ಟೋಕನ್‌ಗಳಲ್ಲಿ ಆ ಅರ್ಧ ಸೆಕೆಂಡೇ ಎಲ್ಲ. ಬ್ಲಾಕ್‌ಚೈನ್‌ನಲ್ಲಿ ಪ್ರತಿ ವಾಲೆಟ್‌ನ ಖರೀದಿ, ಮಾರಾಟ ಯಾರಿಗೂ ಕಾಣುವಂತಿರುವುದರಿಂದ 'ಸ್ಮಾರ್ಟ್ ಮನಿ' ವಾಲೆಟ್‌ಗಳ ಪಟ್ಟಿಗಳು ಹುಟ್ಟಿಕೊಂಡಿವೆ. ಆರಿಸಿದ ವಿಳಾಸ ಕೊಂಡ ಕೂಡಲೇ ನಿಮ್ಮ ಬಾಟ್ ಕೊಳ್ಳುತ್ತದೆ. ಕೊಳ್ಳಬೇಕಾದರೆ ಅವನ ಖರೀದಿ ಮೊದಲು ಕಾಣಬೇಕು, ಕಂಡಿತೆಂದರೆ ಬೆಲೆ ಆಗಲೇ ಏರಿದೆ. ಅದೇ ವಾಲೆಟ್‌ನ ಹಿಂದೆ ಇನ್ನೂ ಇನ್ನೂರು ಬಾಟ್‌ಗಳಿದ್ದರೆ ಮೇಲಿನ ಲೆಕ್ಕದಲ್ಲಿ ನೀವು ಎರಡನೆಯವರಲ್ಲ, ನೂರನೆಯವರೋ ಏನೋ. ಆರ್ಡರ್ ತಪ್ಪಿಹೋಗದಿರಲಿ ಎಂದು ಸ್ಲಿಪೇಜ್ ಮಿತಿಯನ್ನು (ಬೆಲೆ ಎಷ್ಟರವರೆಗೆ ಏರಿದರೂ ಕೊಳ್ಳಲು ಒಪ್ಪುತ್ತೀರಿ ಎಂಬ ಗಡಿ) ಏರಿಸಿಟ್ಟರೆ ಸ್ಯಾಂಡ್‌ವಿಚ್ ಬಾಟ್‌ಗಳಿಗೆ ಹಬ್ಬ: ಅವು ನಿಮಗಿಂತ ಮೊದಲು ಕೊಂಡು, ನೀವು ಕೊಂಡು ಬೆಲೆ ಏರಿಸಿದ ತಕ್ಷಣ ಮಾರಿ ಹೋಗುತ್ತವೆ.

ಗೆದ್ದ ವಾಲೆಟ್ ಎಂಬ ಕಲ್ಪನೆಯೇ ಜಾಳು. ಒಬ್ಬನೇ 30 ವಾಲೆಟ್‌ಗಳಿಂದ ಬೇರೆ ಬೇರೆ ಟೋಕನ್ ಕೊಂಡು, ಅದೃಷ್ಟ ಖುಲಾಯಿಸಿದ ಒಂದನ್ನು ಮಾತ್ರ ತೋರಿಸಬಹುದು. ಉಳಿದ 29ರ ಕಥೆ ಯಾವ ಪಟ್ಟಿಯಲ್ಲೂ ಬರುವುದಿಲ್ಲ. ಇನ್ನೂ ಕುಟಿಲವಾದ ಪಟ್ಟೂ ಇದೆ. ಹಿಂಬಾಲಕರು ಸೇರಿದ ಮೇಲೆ ಗುಟ್ಟಾಗಿ ಬೇರೆ ವಾಲೆಟ್‌ನಿಂದ ಮೊದಲು ಕೊಳ್ಳುವುದು, ಬಳಿಕ ಹೆಸರಾದ ವಾಲೆಟ್‌ನಿಂದ ಒಂದಿಷ್ಟು ಕೊಳ್ಳುವುದು, ಕಾಪಿ ಬಾಟ್‌ಗಳು ಬೆಲೆ ಏರಿಸಿದಾಗ ಗುಟ್ಟಿನದನ್ನು ಮಾರುವುದು. ಹೆಸರಾದ ವಾಲೆಟ್‌ನ ದಾಖಲೆಯಲ್ಲಿ ಆ ಮಾರಾಟದ ಸುಳಿವೇ ಇರುವುದಿಲ್ಲ.

ಸಾಲಿನ ಹಿಂದಿನವರ ಪಾಡು ದೊಡ್ಡ ಪ್ರಮಾಣದಲ್ಲಿ ಕಂಡದ್ದು 2025ರ ಫೆಬ್ರುವರಿ 14ರಂದು. ಅರ್ಜೆಂಟೀನಾದ ಅಧ್ಯಕ್ಷ ಹವಿಯೇರ್ ಮಿಲೇ ಎಕ್ಸ್‌ನಲ್ಲಿ ಲಿಬ್ರಾ ಎಂಬ ಟೋಕನ್ ಬಗ್ಗೆ ಬರೆದರು. ಅದರ ಒಟ್ಟು ಮೌಲ್ಯ 400 ಕೋಟಿ ಡಾಲರ್ ದಾಟಿ, ಕೆಲವೇ ಗಂಟೆಗಳಲ್ಲಿ ಕುಸಿಯಿತು. ಮೊದಲ ಕ್ಷಣಗಳಲ್ಲಿ ಕೊಂಡ ಕೆಲವು ವಾಲೆಟ್‌ಗಳು ಲಕ್ಷಗಟ್ಟಲೆ ಡಾಲರ್ ಬಾಚಿಕೊಂಡವು. ನ್ಯಾನ್ಸೆನ್ ಸಂಸ್ಥೆಯ ವಿಶ್ಲೇಷಣೆಯಂತೆ, ಸಾವಿರ ಡಾಲರಿಗಿಂತ ಹೆಚ್ಚು ಲಾಭ ಅಥವಾ ನಷ್ಟ ಕಂಡ ವಾಲೆಟ್‌ಗಳಲ್ಲಿ ಶೇ 86ರಷ್ಟು ನಷ್ಟದಲ್ಲಿದ್ದವು, ಒಟ್ಟು 25.1 ಕೋಟಿ ಡಾಲರ್.

ಬಾಟ್‌ಗಳದ್ದೇ ಒಂದು ಅಪಾಯವಿದೆ. ಟೆಲಿಗ್ರಾಂ ಬಾಟ್‌ಗಳು ನಿಮ್ಮ ಪರವಾಗಿ ಕ್ಷಣಾರ್ಧದಲ್ಲಿ ಸಹಿ ಹಾಕಬೇಕಾದರೆ ವಾಲೆಟ್‌ನ ಖಾಸಗಿ ಕೀ (ಅದರ ಹಣಕ್ಕೆ ಬೀಗದ ಕೈಯಂಥ ಗುಪ್ತ ಸಂಖ್ಯೆ) ಅವುಗಳ ಕೈಯಲ್ಲೇ ಇರಬೇಕು. 2023ರ ಅಕ್ಟೋಬರ್‌ನಲ್ಲಿ ಮೇಸ್ಟ್ರೋ ಬಾಟ್‌ನ ಒಪ್ಪಂದದಲ್ಲಿದ್ದ ದೋಷದಿಂದ ಸುಮಾರು 280 ಈಥರ್ ಕಳುವಾಯಿತು. 2024ರ ಸೆಪ್ಟೆಂಬರ್‌ನಲ್ಲಿ ಬನಾನಾ ಗನ್ ಬಳಕೆದಾರರ ಸುಮಾರು 30 ಲಕ್ಷ ಡಾಲರ್ ಹೋಯಿತು.

ಯಾವುದಾದರೂ ವಾಲೆಟ್‌ನ ಲಾಭ ಕಂಡು ಆಸೆಯಾದರೆ, ವಹಿವಾಟುಗಳನ್ನು ತೋರಿಸುವ ಈಥರ್‌ಸ್ಕ್ಯಾನ್ ಅಥವಾ ಸೊಲ್‌ಸ್ಕ್ಯಾನ್ ತಾಣದಲ್ಲಿ ಆ ವಿಳಾಸವನ್ನು ತೆರೆದು ಶೇಕಡಾವಾರು ಲಾಭವನ್ನು ಬದಿಗಿಟ್ಟು ಬೇರೆ ಎರಡನ್ನು ನೋಡಬೇಕು. ಅದಕ್ಕೆ ಮೊದಲ ಹಣ ಯಾವ ವಿಳಾಸದಿಂದ ಬಂತು? ಟೋಕನ್ ಹುಟ್ಟಿಸಿದ ವಿಳಾಸಕ್ಕೂ ಅಲ್ಲಿಂದಲೇ ಹಣ ಹೋಗಿದ್ದರೆ ಆತ ಒಳಗಿನವನಿರಬಹುದು. ಕೊಂಡ ಎಷ್ಟು ಹೊತ್ತಿಗೆ ಮಾರಿದ? ಅಂತರ ಹತ್ತಿಪ್ಪತ್ತು ಸೆಕೆಂಡಿನದಾದರೆ, ನಿಮ್ಮ ಬಾಟ್ ಕೊಳ್ಳುವ ಹೊತ್ತಿಗೆ ಅವನು ಮಾರಲು ನಿಂತಿರುತ್ತಾನೆ.