ಬಾಡಿಗೆ ಲೆಕ್ಕಕ್ಕಿಂತ ಮೊದಲು ಪಗಾರದ ಚೀಟಿ

"ಬೆಂಗಳೂರು ಸಾಕಾಗೇತ್ರಿ ಸರ್. ಊರಿಗೆ ಬಂದು ಮನ್ಯಾಗಿಂದನ ಕೆಲಸ ಮಾಡ್ತೀನಿ." ವಿಜಯಪುರದ ನನ್ನ ಆಫೀಸಿಗೆ ತೆರಿಗೆ ವಿಚಾರಕ್ಕೆ ಬರುವ ಐವತ್ತು ದಾಟಿದವರು ಆಗಾಗ ಹೀಗೆ ಹೇಳುತ್ತಾರೆ. ಇಲ್ಲಿನ ಜಲನಗರ ಬಡಾವಣೆಯಲ್ಲಿ ಬಾಡಿಗೆ ಎಷ್ಟು, ತಿಂಗಳಿಗೆ ಎಷ್ಟು ಉಳಿಯುತ್ತದೆ ಎಂದು ಬರೆದುಕೊಂಡೇ ಬಂದಿರುತ್ತಾರೆ. ನಾನು ಮೊದಲು ಕೇಳುವುದು ಪಗಾರದ ಚೀಟಿ.

ಸಣ್ಣ ಊರಿಗೆ ಹೋದರೆ ಕೆಲವು ಕಂಪನಿಗಳು ಪಗಾರ ಇಳಿಸುತ್ತವೆ. ಇಳಿಸುವುದು ಚೀಟಿಯ ಯಾವ ಸಾಲಿನಲ್ಲಿ ಎನ್ನುವುದೇ ಮುಖ್ಯ. ಬೇರೆ ಭತ್ಯೆಗಳು ಒಟ್ಟು ಪಗಾರದ ಅರ್ಧ ಮೀರದಿದ್ದರೆ, ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಸೇವೆಗಾಗಿ ಕಂಪನಿ ಕೊಡುವ ಹಣ, ಲೆಕ್ಕ ಹಾಕುವುದು ಕೊನೆಯ ಮೂಲ ವೇತನ ಮತ್ತು ತುಟ್ಟಿಭತ್ಯೆಯ ಮೇಲೆ. ಅದನ್ನು 15ರಿಂದ ಗುಣಿಸಿ, 26ರಿಂದ ಭಾಗಿಸಿ, ಸೇವೆಯ ವರ್ಷಗಳಿಂದ ಗುಣಿಸುತ್ತಾರೆ. ತುಟ್ಟಿಭತ್ಯೆ ಇಲ್ಲದ, 20 ವರ್ಷ ಸೇವೆಯಾದವರ ಮೂಲ ವೇತನ 60,000 ರೂಪಾಯಿ ಇದ್ದರೆ ಸುಮಾರು 6.92 ಲಕ್ಷ ಬರುತ್ತದೆ. ಅದೇ ಮೂಲ ವೇತನ 48,000ಕ್ಕೆ ಇಳಿದರೆ 5.54 ಲಕ್ಷ. ಬೆಂಗಳೂರಿನಲ್ಲಿ ದುಡಿದ ಅಷ್ಟೂ ವರ್ಷಕ್ಕೆ ಈ ಕಡಿಮೆ ಲೆಕ್ಕವೇ! ಪೂರ್ತಿ ಮೂಲ ವೇತನದ ಮೇಲೆ ಪಿಎಫ್ ಕಟ್ಟುವ ಕಂಪನಿಯಾದರೆ ಅದೂ ಕುಗ್ಗುತ್ತದೆ.

ಅದಕ್ಕೇ ಹೇಳುತ್ತೇನೆ, ಇಳಿಸುವುದೇ ಆದರೆ ಮನೆ ಬಾಡಿಗೆ ಭತ್ಯೆಯಲ್ಲಿ ಇಳಿಸಿ ಎಂದು ಕೇಳಿ. ಕೇಳೋಕೆ ಸಂಕೋಚ ಬೇಡ, ಅದು ನಿಮ್ಮ ದುಡಿಮೆ. ಹೊಸ ತೆರಿಗೆ ಪದ್ಧತಿಯಲ್ಲಿರುವವರಿಗೆ ಆ ಭತ್ಯೆಗೆ ವಿನಾಯಿತಿಯೂ ಇಲ್ಲ, ಹಾಗಾಗಿ ತೆರಿಗೆಯಲ್ಲಿ ಕಳೆದುಕೊಳ್ಳುವುದೂ ಏನಿಲ್ಲ. ಮನೆಯಿಂದ ಕೆಲಸ ಎಷ್ಟು ದಿನ ಎನ್ನುವುದೂ ಕಂಪನಿ ಕೊಡುವ ಪತ್ರದಲ್ಲಿರಲಿ. ವಾರಕ್ಕೆ ಮೂರು ದಿನ ಆಫೀಸಿಗೆ ಬನ್ನಿ ಎಂದರೆ 55ರ ವಯಸ್ಸಿನಲ್ಲಿ ರಾತ್ರಿ ರೈಲು ಹತ್ತಿ ಓಡಾಡೋಕಾಗುತ್ತಾ?

ಕಂಪನಿಯ ಆರೋಗ್ಯ ವಿಮೆ ಇಲ್ಲಿನ ಯಾವ ಆಸ್ಪತ್ರೆಯಲ್ಲಿ ನಡೆಯುತ್ತದೆ, ಅದನ್ನೂ ನೋಡಿ. ಇಲ್ಲದಿದ್ದರೆ ಸುಮಾರು 100 ಕಿಲೋಮೀಟರ್ ದೂರದ ಸೋಲಾಪುರಕ್ಕೆ ಹೋಗಬೇಕಾದೀತು.

ಇನ್ನು ಬೆಂಗಳೂರಿನ ಮನೆ. ಗಡಿಬಿಡಿಯಲ್ಲಿ ಮಾರಬೇಡಿ. ಮಾರಿದರೂ ಕೂಡಲೇ ಇಲ್ಲಿ ಕೊಳ್ಳಬೇಕೆಂದಿಲ್ಲ. ಎರಡು ವರ್ಷಕ್ಕಿಂತ ಜಾಸ್ತಿ ನಿಮ್ಮ ಬಳಿ ಇದ್ದ ಮನೆಯಾದರೆ, ಲಾಭದ ಮೇಲಿನ ತೆರಿಗೆ ಉಳಿಸಲು ಮನೆ ಕೊಳ್ಳೋಕೆ ಎರಡು ವರ್ಷ, ಕಟ್ಟೋಕೆ ಮೂರು ವರ್ಷ ಸಮಯವಿದೆ. ತೆರಿಗೆ ರಿಟರ್ನ್ ಸಲ್ಲಿಸುವ ಗಡುವಿನೊಳಗೆ ಆ ಲಾಭದ ಹಣ ಬಳಸದಿದ್ದರೆ ಬ್ಯಾಂಕಿನ ಕ್ಯಾಪಿಟಲ್ ಗೇನ್ಸ್ ಖಾತೆಯಲ್ಲಿ ಇಡಬೇಕು, ಅಷ್ಟೇ.

ಅಲ್ಲಿಯವರೆಗೆ ಬಾಡಿಗೆಗಿರಿ. ಡಿಸೆಂಬರ್‌ನ ತಂಪಿನಲ್ಲಿ ಬಂದು ಊರು ಚೆನ್ನಾಗಿದೆ ಎಂದು ತೀರ್ಮಾನಿಸಬೇಡಿ. ಏಪ್ರಿಲ್‌ನಲ್ಲಿ ಬನ್ನಿ. 40 ಡಿಗ್ರಿ ದಾಟಿದ ಮಧ್ಯಾಹ್ನ, ಕರೆಂಟ್ ಹೋದಾಗ, ಮೀಟಿಂಗ್‌ನಲ್ಲಿ ಕೂರೋಕಾಗುತ್ತಾ ನೋಡಿ. ಎಸಿ, ಇನ್ವರ್ಟರ್ ಖರ್ಚನ್ನು ನಿಮ್ಮ ಉಳಿತಾಯದ ಚೀಟಿಯಲ್ಲಿ ಬರೆದುಕೊಂಡು ಜೂನ್‌ನಲ್ಲಿ ಇನ್ನೊಮ್ಮೆ ನನ್ನ ಹತ್ತಿರ ಬನ್ನಿ.