ಹಳೇ ಬ್ರೌಸರ್‌ಗೆ ಪ್ರೈವೇಟ್ ಮೇಲ್ ಮದ್ದಾಗುತ್ತಾ?

ಪ್ರಶ್ನೆ: ಮನೆಯಲ್ಲಿ ವಿಂಡೋಸ್ 7 ಇರುವ ಹಳೇ ಲ್ಯಾಪ್‌ಟಾಪ್ ಇದೆ. ಮೇಲ್ ತೆರೆದರೆ ‘ನಿಮ್ಮ ಬ್ರೌಸರ್ ಹಳೆಯದಾಗಿದೆ’ ಅನ್ನುತ್ತದೆ. ಒಮ್ಮೊಮ್ಮೆ ಪುಟವೇ ಖಾಲಿ. ಹೇಗೂ ಬದಲಿಸಬೇಕು, ಪ್ರೋಟಾನ್‌ನಂಥ ಪ್ರೈವೇಟ್ ಮೇಲ್‌ಗೇ ಹೋದರೆ ಬ್ರೌಸರ್ ಕಾಟವೂ ತಪ್ಪಿ, ಪತ್ರವೂ ಗುಟ್ಟಾಗಿ ಉಳಿದು ಎರಡೂ ಕೆಲಸ ಆಗುತ್ತದಲ್ವಾ?

ಉತ್ತರ: ಆಗುವುದಿಲ್ಲ. ನಿಮ್ಮ ತೊಂದರೆ ಇನ್ನೂ ಜಾಸ್ತಿಯಾಗಬಹುದು.

ಮಾಮೂಲಿ ಮೇಲ್‌ನಲ್ಲಿ ಪತ್ರವನ್ನು ಕಂಪನಿಯ ಸರ್ವರ್ ಓದಬಲ್ಲದು. ಬ್ರೌಸರ್ ಅದನ್ನು ತಂದು ತೋರಿಸಿದರೆ ಸಾಕು. ಸ್ವಿಟ್ಜರ್‌ಲೆಂಡಿನ ಪ್ರೋಟಾನ್, ಜರ್ಮನಿಯ ಟೂಟಾ ಹಾಗಲ್ಲ. ಅಲ್ಲಿ ಪತ್ರಕ್ಕೆ ಬೀಗ ಹಾಕಿಟ್ಟಿರುತ್ತಾರೆ. ಬೀಗ ತೆಗೆಯುವ ಲೆಕ್ಕಾಚಾರವೆಲ್ಲ ನಡೆಯುವುದು ನಿಮ್ಮ ಬ್ರೌಸರ್‌ನೊಳಗೆ. ಅದು ಹಳೆಯದಾದರೆ ಏದುಸಿರು ಬಿಡುತ್ತದೆ, ಇಲ್ಲವೇ ಕೈಚೆಲ್ಲುತ್ತದೆ.

ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2020ರ ಜನವರಿಗೇ ಮುಗಿಯಿತು. ಕ್ರೋಮ್ ಅದರಲ್ಲಿ 109ನೇ ಆವೃತ್ತಿಗೆ ನಿಂತುಬಿಟ್ಟಿತು, ಫೈರ್‌ಫಾಕ್ಸ್ 115ಕ್ಕೆ. ಎಷ್ಟು ಸಲ ‘ಅಪ್‌ಡೇಟ್’ ಒತ್ತಿದರೂ ಅದರಾಚೆ ಹೋಗುವುದಿಲ್ಲ. ಬ್ರೌಸರ್ ಹೆಸರು ಬದಲಿಸಿ ಸೈಟನ್ನು ಯಾಮಾರಿಸುವ ಎಕ್ಸ್‌ಟೆನ್ಶನ್‌ಗಳಿವೆ (ಬ್ರೌಸರ್‌ಗೆ ಸೇರಿಸಿಕೊಳ್ಳುವ ಪುಟ್ಟ ಪ್ರೋಗ್ರಾಂಗಳು). ಅದರಿಂದ ಎಚ್ಚರಿಕೆ ಮಾಯವಾಗಬಹುದು, ಖಾಲಿ ಪುಟ ತುಂಬುವುದಿಲ್ಲ. (ಈ ಆಟ ಬಹಳ ಹಳೆಯದು. ಕ್ರೋಮ್ ಕೂಡ ಸೈಟ್‌ಗಳಿಗೆ ತನ್ನ ಪರಿಚಯವನ್ನು ಇವತ್ತಿಗೂ ಹಳೇ ಬ್ರೌಸರೊಂದರ ಹೆಸರಾದ ‘ಮೊಜಿಲ್ಲಾ’ ಎಂದೇ ಶುರು ಮಾಡುತ್ತದೆ!)

ನಾನಾದರೆ ಮೊದಲು ಲ್ಯಾಪ್‌ಟಾಪ್ ಸರಿ ಮಾಡುತ್ತೇನೆ. ಅದರ ಪ್ರೊಸೆಸರ್ 64 ಬಿಟ್‌ನದ್ದಾಗಿದ್ದು 4 ಜಿಬಿ ರ್‍ಯಾಮ್ ಇದ್ದರೆ ವಿಂಡೋಸ್ ಬದಲು ಹಾಕಬಹುದಾದ ಲಿನಕ್ಸ್ ಮಿಂಟ್‌ನ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ ಆರಾಮಾಗಿ ಓಡುತ್ತದೆ. ಪೂರ್ತಿ ಉಚಿತ. ಪೆನ್‌ಡ್ರೈವ್‌ನಿಂದಲೇ ಓಡಿಸಿ ನೋಡಿ, ಹಿಡಿಸಿದರೆ ಮಾತ್ರ ಹಾಕಿಕೊಳ್ಳಿ. ಹಾಕುವ ಮುಂಚೆ ಫೋಟೋ, ಫೈಲ್‌ಗಳನ್ನು ಬೇರೆಡೆ ಕಾಪಿ ಮಾಡಿಕೊಳ್ಳುವುದನ್ನು ಮರೆಯಬೇಡಿ.

ಮಿಂಟ್ ಜೊತೆ ಫೈರ್‌ಫಾಕ್ಸ್, ಥಂಡರ್‌ಬರ್ಡ್ ಎರಡೂ ಬರುತ್ತವೆ. ಥಂಡರ್‌ಬರ್ಡ್ ಅಂದರೆ ಮೇಲ್‌ಗೆಂದೇ ಇರುವ ಪ್ರೋಗ್ರಾಂ. ಈಗಿರುವ ಖಾತೆಯನ್ನೇ ಅದರಲ್ಲಿ ಸೇರಿಸಿದರೆ ದಿನಾ ಬ್ರೌಸರ್‌ನಲ್ಲಿ ಮೇಲ್ ತೆರೆಯುವ ಗೋಜಿಲ್ಲ. ನನಗೆ ಇಷ್ಟವಾಗುವುದು ಇನ್ನೊಂದು ಗುಣ. ಜಾಹೀರಾತು ಮೇಲ್‌ಗಳಲ್ಲಿ ಕಣ್ಣಿಗೆ ಕಾಣದಷ್ಟು ಚಿಕ್ಕ ಚಿತ್ರ ಅಡಗಿರುತ್ತದೆ. ಅದು ಲೋಡ್ ಆದ ಕೂಡಲೇ ನೀವು ಮೇಲ್ ತೆರೆದಿರಿ, ಯಾವಾಗ ತೆರೆದಿರಿ ಎಂಬ ಸುದ್ದಿ ಕಳಿಸಿದವರಿಗೆ ಮುಟ್ಟುತ್ತದೆ. ಹೊರಗಿನಿಂದ ಬರುವ ಇಂಥ ಚಿತ್ರಗಳನ್ನು ಥಂಡರ್‌ಬರ್ಡ್ ನೀವು ಕೇಳುವವರೆಗೂ ತರುವುದಿಲ್ಲ.

ಇಷ್ಟಾದ ಮೇಲೂ ಪ್ರೋಟಾನ್ ಬೇಕೆನಿಸಿದರೆ ತೆಗೆದುಕೊಳ್ಳಿ, ಒಳ್ಳೆಯದೇ. ಆದರೆ ನೀವು ಜಿಮೇಲ್ ಇರುವ ಅಣ್ಣನಿಗೆ ಸುಮ್ನೆ ಒಂದು ಪತ್ರ ಬರೆದರೆ ಅದರ ಪ್ರತಿ ಗೂಗಲ್ ಬಳಿ ಬೀಗವಿಲ್ಲದೆ ಮಾಮೂಲಿಯಾಗಿಯೇ ಕೂತಿರುತ್ತದೆ. ಪ್ರೋಟಾನನ್ನು ಥಂಡರ್‌ಬರ್ಡ್‌ಗೆ ಜೋಡಿಸಲು ಬೇಕಾದ ‘ಬ್ರಿಜ್’ ಎಂಬ ಪ್ರೋಗ್ರಾಂ ದುಡ್ಡು ಕೊಟ್ಟವರಿಗೆ ಮಾತ್ರ. ಟೂಟಾ ಅಂತೂ ಥಂಡರ್‌ಬರ್ಡ್‌ಗೆ ಸೇರುವುದೇ ಇಲ್ಲ, ಅದರದೇ ಆ್ಯಪ್ ಬಳಸಬೇಕು.

ಇನ್ನೊಂದು ನೆನಪಿರಲಿ. ಅಶ್ಲೀಲ ಮೇಲ್‌ಗಳ ಪ್ರಕರಣವೊಂದರಲ್ಲಿ 2025ರ ಏಪ್ರಿಲ್‌ನಲ್ಲಿ ನಮ್ಮ ಕರ್ನಾಟಕ ಹೈಕೋರ್ಟೇ ಪ್ರೋಟಾನ್ ಮೇಲನ್ನು ತಡೆಯಲು ಕೇಂದ್ರಕ್ಕೆ ಸೂಚಿಸಿತ್ತು. ಹಾಗಾಗಿ ಬ್ಯಾಂಕು, ಆಧಾರ್‌ಗೆ ಕೊಟ್ಟಿರುವ ಹಳೇ ವಿಳಾಸವನ್ನು ಈಗಲೇ ಮುಚ್ಚಬೇಡಿ.